ಅಣು ಒಂದೇ, ಕಟ್ಟುವ ದಾರಿ ಬೇರೆ: ಪೆಪ್ಟೈಡ್‌ಗಳ ನ್ಯಾನೋ ಜೋಡಣೆ

(ಹಾಸನದಲ್ಲಿ ಪದವಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ವಿಜ್ಞಾನದಲ್ಲಿ ಆಸಕ್ತಿ ಇರುವ ಊರಿನವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೆದುಳಿನ ಒಂದು ಕಾಯಿಲೆಯಿಂದ ಮಾತು ಶುರು ಮಾಡುತ್ತೇನೆ. ಆಲ್ಝೈಮರ್ ಕಾಯಿಲೆ ಬಂದವರ ಮೆದುಳಿನಲ್ಲಿ ಅಮೈಲಾಯ್ಡ್ ಬೀಟಾ ಅನ್ನುವ ಪ್ರೋಟೀನ್ ತುಣುಕು ನಾರುನಾರಾಗಿ ಸೇರಿಕೊಂಡು ಕೂತಿರುತ್ತದೆ. ಒಂದೊಂದು ತುಣುಕೂ ಸುಮಾರು 40 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಸಣ್ಣ ಅಣುಗಳ, ಸರ. ಟೆಲ್ ಅವೀವ್ ವಿಶ್ವವಿದ್ಯಾಲಯದ ಎಹುದ್ ಗಾಜಿಟ್ ಮತ್ತು ಅವರ ವಿದ್ಯಾರ್ಥಿನಿ ಮೈಟಲ್ ರೆಚೆಸ್ ಒಂದು ಪ್ರಶ್ನೆ ಕೇಳಿಕೊಂಡರು. ಇಷ್ಟುದ್ದದ ಸರದಲ್ಲಿ ಒಂದಕ್ಕೊಂದು ಅಂಟುವ ಗುಣ ಎಲ್ಲಿ ಅಡಗಿದೆ? ಸರವನ್ನು ಕತ್ತರಿಸುತ್ತಾ ಹೋದರೆ ಎಷ್ಟು ಚಿಕ್ಕ ತುಂಡಿನವರೆಗೆ ಆ ಗುಣ ಉಳಿಯುತ್ತದೆ?

2003ರಲ್ಲಿ ಅವರು ಕೊಟ್ಟ ಉತ್ತರ ಎಲ್ಲರನ್ನೂ ಬೆರಗುಗೊಳಿಸಿತು. ಎರಡೇ ಎರಡು ಅಮೈನೋ ಆಮ್ಲ ಸಾಕು. ಫೀನೈಲ್‌ಅಲನಿನ್ ಪಕ್ಕದಲ್ಲಿ ಇನ್ನೊಂದು ಫೀನೈಲ್‌ಅಲನಿನ್. ಇದನ್ನು ಡೈಫೀನೈಲ್‌ಅಲನಿನ್ ಅಂತಾರೆ. ಒಂದು ತೀಕ್ಷ್ಣ ದ್ರಾವಕದಲ್ಲಿ ಇದನ್ನು ಗಟ್ಟಿಯಾಗಿ ಕರಗಿಸಿ, ಆಮೇಲೆ ನೀರು ಬೆರೆಸಿದರೆ ಆಯಿತು. ಅಣುಗಳು ತಾವಾಗಿಯೇ ಸೇರಿ ಟೊಳ್ಳಾದ ಉದ್ದುದ್ದ ಕೊಳವೆಗಳಾದವು. ಆ ಕೊಳವೆಗಳ ಒಳಗೆ ಬೆಳ್ಳಿ ತುಂಬಿಸಿದರು. ಆಮೇಲೆ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ಕೊಳವೆಯನ್ನೇ ತೆಗೆದುಹಾಕಿದರು. ಕೊನೆಗೆ ಕೈಗೆ ಬಂದದ್ದು ಸುಮಾರು 20 ನ್ಯಾನೋಮೀಟರ್ ದಪ್ಪದ ಬೆಳ್ಳಿ ತಂತಿ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್ ಅನ್ನುವುದು ನೆನಪಿರಲಿ.

ಕಾಯಿಲೆಯಲ್ಲಿ ಕಾಣುವ ಅಂಟುಗುಣವನ್ನೇ ಹಿಡಿದು ಅಚ್ಚು ಮಾಡಿಕೊಂಡರು, ನೋಡಿ. ಯಾರೂ ಕೈಯಿಂದ ಒಂದೊಂದೇ ಅಣು ಜೋಡಿಸಲಿಲ್ಲ. ಅಣುಗಳೇ ಕಟ್ಟಿಕೊಂಡವು. ಹಾಗಾದರೆ ನಮ್ಮ ಕೆಲಸ ಏನು? ಅವು ನಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುವಂತೆ ಮಾಡುವುದು. ಇಂದಿನ ಮಾತೆಲ್ಲ ಇದರ ಬಗ್ಗೆಯೇ. ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಯಾವ ಅಣು ಆರಿಸುತ್ತೇವೆ ಅನ್ನುವುದು ಮುಖ್ಯ, ನಿಜ. ಆದರೆ ಆ ಅಣುವನ್ನು ಯಾವ ದಾರಿಯಲ್ಲಿ, ಎಷ್ಟು ನಿಧಾನವಾಗಿ, ಯಾವ ಕ್ರಮದಲ್ಲಿ ನಡೆಸುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಇದನ್ನು ತುಂಬಾ ಜನ ಕಡೆಗಣಿಸುತ್ತಾರೆ.

ಮೊದಲು ಸ್ವಲ್ಪ ತಳಪಾಯ. ಅಮೈನೋ ಆಮ್ಲಗಳು ಸಾಲಾಗಿ ಕೂಡಿದರೆ ಪೆಪ್ಟೈಡ್. ಸರ ತುಂಬಾ ಉದ್ದವಾದರೆ ಪ್ರೋಟೀನ್. ನಮ್ಮ ದೇಹ ಪ್ರೋಟೀನ್ ಕಟ್ಟಲು ಮುಖ್ಯವಾಗಿ ಬಳಸುವುದು 20 ಬಗೆಯ ಅಮೈನೋ ಆಮ್ಲ. ಎಲ್ಲಕ್ಕೂ ಬೆನ್ನೆಲುಬು ಒಂದೇ ಥರ. ಪಕ್ಕಕ್ಕೆ ಚಾಚಿದ ಗುಂಪು ಮಾತ್ರ ಬೇರೆ ಬೇರೆ. ಕೆಲವಕ್ಕೆ ನೀರು ಇಷ್ಟ, ಕೆಲವಕ್ಕೆ ಆಗುವುದಿಲ್ಲ. ಕೆಲವು ಧನ ಚಾರ್ಜ್ ಹೊತ್ತಿರುತ್ತವೆ, ಕೆಲವು ಋಣ ಚಾರ್ಜ್.

ಇವು ಯಾಕೆ ಒಟ್ಟುಗೂಡುತ್ತವೆ? ಒಂದನ್ನೊಂದು ಎಳೆಯುತ್ತವೆ, ಅದಕ್ಕೆ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಅರ್ಧ ಕಾರಣ ನೀರಿನಲ್ಲಿದೆ. ನೀರಿನ ಅಣುಗಳು ಸದಾ ಒಂದರ ಕೈ ಇನ್ನೊಂದು ಹಿಡಿದು ಬಿಟ್ಟು ಓಡಾಡುತ್ತಿರುತ್ತವೆ. ನೀರಿಗೆ ಒಗ್ಗದ ಗುಂಪು ನಡುವೆ ಬಂದರೆ ಅದರ ಸುತ್ತಲಿನ ನೀರಿನ ಓಡಾಟಕ್ಕೆ ಕಟ್ಟು ಬೀಳುತ್ತದೆ. ಅಂಥ ಎರಡು ಗುಂಪುಗಳು ಒಟ್ಟಿಗೆ ಬಂದು ಕೂತರೆ ನಡುವಿನ ನೀರಿಗೆ ಬಿಡುಗಡೆ ಸಿಗುತ್ತದೆ. ಲಾಭ ನೀರಿಗೆ. ಪೆಪ್ಟೈಡ್ ಒಟ್ಟುಗೂಡುವುದು ಅದರ ಫಲ. ಹತ್ತಿರ ಬಂದ ಮೇಲೆ ಬೆನ್ನೆಲುಬುಗಳ ನಡುವೆ ಹೈಡ್ರೋಜನ್ ಬಂಧಗಳು ಮೂಡುತ್ತವೆ. ಸರಗಳು ಸುಮಾರು 0.48 ನ್ಯಾನೋಮೀಟರ್ ಅಂತರದಲ್ಲಿ ಅಕ್ಕಪಕ್ಕ ಸಾಲುಗಟ್ಟುತ್ತವೆ. ಇದಕ್ಕೆ ಬೀಟಾ ಹಾಳೆ ಅಂತಾರೆ. 1951ರಲ್ಲೇ ಲೈನಸ್ ಪಾಲಿಂಗ್ ಮತ್ತು ಅವರ ಜೊತೆಗಾರರು ಕಾಗದದ ಮೇಲೆ ಲೆಕ್ಕ ಹಾಕಿ ಇಂಥ ಹಾಳೆ ಇರಲೇಬೇಕು ಅಂದಿದ್ದರು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಬಂಧಗಳೆಲ್ಲ ದುರ್ಬಲ. ಸರದೊಳಗಿನ ಗಟ್ಟಿ ರಾಸಾಯನಿಕ ಬಂಧದ ಮುಂದೆ ಒಂದು ಹೈಡ್ರೋಜನ್ ಬಂಧದ ಬಲ ಹತ್ತನೇ ಒಂದು ಪಾಲೂ ಇರುವುದಿಲ್ಲ. ಈ ಬಡತನವೇ ಇಲ್ಲಿ ಭಾಗ್ಯ. ಅಣು ತಪ್ಪಾದ ಜಾಗದಲ್ಲಿ ಕೂತರೆ ನೀರಿನ ತಳ್ಳಾಟಕ್ಕೆ ಎದ್ದು ಹೋಗುತ್ತದೆ. ಮತ್ತೆ ಬಂದು ಸರಿಯಾಗಿ ಕೂರುತ್ತದೆ. ಗಟ್ಟಿ ಬಂಧವಾಗಿದ್ದರೆ ಮೊದಲ ತಪ್ಪೇ ಕೊನೆಯ ತಪ್ಪಾಗುತ್ತಿತ್ತು. ಆದರೆ ಎದ್ದು ಕೂರಲು ಹೊತ್ತು ಬೇಕು. ಆ ಹೊತ್ತನ್ನು ನಾವು ಕೊಡದೆ ಹೋದರೆ ತಪ್ಪುಗಳ ಮೇಲೆ ತಪ್ಪು ಕೂತು ಗಂಟಾಗುತ್ತದೆ. ಇದನ್ನು ಮುಂದೆ ಮತ್ತೆ ಹೇಳುತ್ತೇನೆ.

ಈಗ ಜೋಡಣೆಯ ಮೇಲೆ ನಮಗಿರುವ ಹಿಡಿತದ ವಿಷಯ. ಮೊದಲ ಹಿಡಿತ ಸರದಲ್ಲೇ ಇದೆ. ಡೈಫೀನೈಲ್‌ಅಲನಿನ್‌ನಲ್ಲಿ ಬೆಂಜೀನ್ ಉಂಗುರಕ್ಕೂ ಬೆನ್ನೆಲುಬಿಗೂ ನಡುವೆ ಒಂದು ಕಾರ್ಬನ್ ಇದೆ. ಅದನ್ನು ತೆಗೆದರೆ ಡೈಫೀನೈಲ್‌ಗ್ಲೈಸಿನ್. ರೆಚೆಸ್ ಮತ್ತು ಗಾಜಿಟ್ ಅದನ್ನೂ ನೀರಿಗೆ ಹಾಕಿ ನೋಡಿದರು. ಕೊಳವೆ ಬರಲಿಲ್ಲ, ದುಂಡಗಿನ ಗೋಳಗಳು ಬಂದವು. ಒಂದು ಕಾರ್ಬನ್‌ನಷ್ಟು ವ್ಯತ್ಯಾಸಕ್ಕೆ ಆಕಾರವೇ ಬದಲು!

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. ಅಮೈನೋ ಆಮ್ಲಗಳಲ್ಲಿ ಎಲ್ ಮತ್ತು ಡಿ ಅಂತ ಎರಡು ರೂಪ. ನಮ್ಮ ಎಡಗೈ ಬಲಗೈ ಇದ್ದ ಹಾಗೆ, ಒಂದು ಇನ್ನೊಂದರ ಕನ್ನಡಿ ಬಿಂಬ. ದೇಹ ಪ್ರೋಟೀನ್‌ಗಳಲ್ಲಿ ಬಳಸುವುದು ಎಲ್ ರೂಪ. 1993ರಲ್ಲಿ ಅಮೆರಿಕದ ರೇಜಾ ಘದಿರಿ ಮತ್ತು ತಂಡದವರು ಎಲ್ ಒಂದು, ಡಿ ಒಂದು, ಮತ್ತೆ ಎಲ್, ಮತ್ತೆ ಡಿ, ಹೀಗೆ ಎಂಟನ್ನು ಸಾಲಾಗಿ ಹಾಕಿ ತುದಿ ಕೂಡಿಸಿ ಉಂಗುರ ಮಾಡಿದರು. ಎಲ್ ಡಿ ಹೀಗೆ ಅದಲುಬದಲಾಗಿ ಬಂದದ್ದರಿಂದ ಉಂಗುರ ಚಪ್ಪಟೆಯಾಗಿ ಕೂತಿತು. ಪಕ್ಕದ ಗುಂಪುಗಳೆಲ್ಲ ಹೊರಕ್ಕೆ ಚಾಚಿದವು. ಹೈಡ್ರೋಜನ್ ಬಂಧ ಮಾಡುವ ಕೈಗಳು ಮೇಲಕ್ಕೂ ಕೆಳಕ್ಕೂ ತಿರುಗಿದವು. ಉಂಗುರದ ಮೇಲೆ ಉಂಗುರ ಕೂರುತ್ತಾ ಕೊಳವೆ ಬೆಳೆಯಿತು. ಒಳಗಿನ ಕಿಂಡಿ ಸುಮಾರು 0.7ರಿಂದ 0.8 ನ್ಯಾನೋಮೀಟರ್. ಉಂಗುರದಲ್ಲಿ ಎಂಟರ ಬದಲು ಹನ್ನೆರಡು ಇಟ್ಟರೆ ಕಿಂಡಿ ಇನ್ನೂ ಅಗಲ. ಅಂದರೆ ಕಿಂಡಿ ಎಷ್ಟಿರಬೇಕು ಅಂತ ಮೊದಲೇ ತೀರ್ಮಾನ ಮಾಡಿ ಸರ ಬರೆಯಬಹುದು. 2001ರಲ್ಲಿ ಇದೇ ತಂಡ ಇಂಥ ಉಂಗುರಗಳು ಬ್ಯಾಕ್ಟೀರಿಯಾದ ಪೊರೆಗೆ ನುಗ್ಗಿ ಅವನ್ನು ಕೊಲ್ಲುವುದನ್ನೂ ತೋರಿಸಿತು.

ಮೂರನೆಯದು ಆಸ್ಪತ್ರೆಯಲ್ಲಿ ಬಳಕೆಯಲ್ಲಿರುವ ಔಷಧಿ. ಹೆಸರು ಲ್ಯಾನ್ರಿಯೋಟೈಡ್. ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾಗಿ ಕೈಕಾಲು ಮುಖದ ಮೂಳೆ ದಪ್ಪವಾಗುವ ಅಕ್ರೋಮೆಗಲಿ ಅನ್ನುವ ಕಾಯಿಲೆಗೆ ಕೊಡುತ್ತಾರೆ. ಎಂಟು ಅಮೈನೋ ಆಮ್ಲಗಳ ಪೆಪ್ಟೈಡ್. ನೀರಿನಲ್ಲಿ ತಾನಾಗಿ ಕೊಳವೆಯಾಗುತ್ತದೆ. ವಿಶೇಷ ಏನೆಂದರೆ ಎಲ್ಲ ಕೊಳವೆಗಳ ಅಗಲವೂ ಒಂದೇ, ಸುಮಾರು 24 ನ್ಯಾನೋಮೀಟರ್. ಈ ಕೊಳವೆಗಳ ಗಟ್ಟಿ ಜೆಲ್ಲನ್ನು ಚರ್ಮದ ಅಡಿಗೆ ಚುಚ್ಚುತ್ತಾರೆ. ಅದು ನಿಧಾನವಾಗಿ ಬಿಡಿಸಿಕೊಂಡು ರಕ್ತಕ್ಕೆ ಸೇರುತ್ತದೆ. ಹಾಗಾಗಿ 28 ದಿನಕ್ಕೊಮ್ಮೆ ಚುಚ್ಚಿದರೆ ಸಾಕು. ಫ್ರಾನ್ಸಿನ ಸಂಶೋಧಕರು 2011ರಲ್ಲಿ ಇದರ 17 ರೂಪಾಂತರಗಳನ್ನು ಮಾಡಿ ನೋಡಿದರು. ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿ ಕೊಳವೆಯ ಅಗಲವನ್ನು 10 ನ್ಯಾನೋಮೀಟರಿನಿಂದ 36 ನ್ಯಾನೋಮೀಟರಿನವರೆಗೆ ಬೇಕಾದ ಹಾಗೆ ಹೊಂದಿಸಿದರು. ಗೋಡೆಯಲ್ಲಿ ಅಣುಗಳು ಒಂದನ್ನೊಂದು ಮುಟ್ಟುವ ಆ ಒಂದು ಜಾಗದಲ್ಲಿ ಎಷ್ಟು ದಪ್ಪದ ಗುಂಪು ಇದೆಯೋ, ಗೋಡೆ ಅದಕ್ಕೆ ತಕ್ಕಂತೆ ಬಾಗುತ್ತದೆ. ಹಿಡಿತ ಅಂದರೆ ಇದು.

ಸರದ ಯಾವ ತಿರುವು ಸಾಧ್ಯ, ಯಾವುದು ಸಾಧ್ಯವಿಲ್ಲ ಅನ್ನುವ ನಕ್ಷೆಯನ್ನು ಮೊದಲು ಕೊಟ್ಟವರು ನಮ್ಮವರೇ. ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು 1963ರಲ್ಲಿ ಮದ್ರಾಸಿನಲ್ಲಿ ಆ ಕೆಲಸ ಮಾಡಿದರು. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಅದೇ ವಿಭಾಗದಲ್ಲಿ ಪಿ. ಬಲರಾಮ್ ಅವರು ಹೆಚ್ಚು ತಿರುಗಲಾರದ ಅಮೈನೋ ಆಮ್ಲಗಳನ್ನು ಸರದೊಳಗೆ ಸೇರಿಸಿ, ಪೆಪ್ಟೈಡ್ ಸುರುಳಿಯಾಗುವಂತೆ ಮಾಡುವ ಕೆಲಸದಲ್ಲಿ ಹೆಸರಾದರು. ಇಲ್ಲಿಂದ ಮೂರ್ನಾಲ್ಕು ಗಂಟೆ ದಾರಿಯಲ್ಲಿ ನಡೆದ ಕೆಲಸ ಇದು. ವಿದ್ಯಾರ್ಥಿಗಳು ಇದನ್ನು ಹುಡುಕಿ ಓದಬೇಕು.

ಸರಗಳನ್ನು ಹುಡುಕುವುದು ಹೇಗೆ? ಎರಡರ ಸರ 400 ಬಗೆ, ಮೂರರ ಸರ 8000 ಬಗೆ. ಎಲ್ಲವನ್ನೂ ಪ್ರಯೋಗಶಾಲೆಯಲ್ಲಿ ಮಾಡಿ ನೋಡುವುದು ಕಷ್ಟ. ಸ್ಕಾಟ್ಲೆಂಡಿನ ಟೆಲ್ ಟಟಲ್ ಮತ್ತು ರೀನ್ ಉಲೈನ್ ಅವರ ತಂಡ ಕಂಪ್ಯೂಟರಿನಲ್ಲಿ ಮೊದಲು 400ನ್ನೂ, ಆಮೇಲೆ 8000ವನ್ನೂ ನೀರಿಗೆ ಬಿಟ್ಟು ನೋಡಿತು. 2015ರಲ್ಲಿ ಅದರಿಂದ ಕೆಲವನ್ನು ಆರಿಸಿ ನಿಜವಾಗಿ ಮಾಡಿದಾಗ ನಾಲ್ಕು ಸರಗಳು ಜೆಲ್ ಆದವು.

ಎರಡನೆಯ ಹಿಡಿತ ಚಾರ್ಜ್. ಘದಿರಿಯವರ ಉಂಗುರದಲ್ಲಿ ಗ್ಲುಟಾಮಿಕ್ ಆಮ್ಲ ಇತ್ತು. ಕ್ಷಾರದಲ್ಲಿ ಅದಕ್ಕೆ ಋಣ ಚಾರ್ಜ್ ಬರುತ್ತದೆ. ಎಲ್ಲ ಉಂಗುರಗಳಿಗೂ ಒಂದೇ ಚಾರ್ಜ್ ಇದ್ದರೆ ಒಂದನ್ನೊಂದು ದೂಡುತ್ತವೆ, ಬಿಡಿಬಿಡಿಯಾಗಿ ಕರಗಿರುತ್ತವೆ. ಆಮ್ಲ ಸೇರಿಸಿದರೆ ಚಾರ್ಜ್ ಹೋಗುತ್ತದೆ, ಜೋಡಣೆ ಶುರು. ಲೈಟಿನ ಸ್ವಿಚ್ ಹಾಕಿದಷ್ಟು ಸಲೀಸು. ಉಪ್ಪಿನಿಂದಲೂ ಇದೇ ಕೆಲಸ ಮಾಡಿಸಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶುಗುವಾಂಗ್ ಜಾಂಗ್ ಅವರು ಯೀಸ್ಟಿನ ಒಂದು ಪ್ರೋಟೀನಿನಲ್ಲಿ ಕಂಡ 16 ಅಮೈನೋ ಆಮ್ಲಗಳ ತುಂಡಿನಿಂದ 1993ರಲ್ಲಿ ಈ ದಾರಿ ತೆರೆಯಿತು. ಅದರ ಮುಂದಿನ ಪೀಳಿಗೆಯ ಪೆಪ್ಟೈಡಿಗೆ ರಾಡಾ-16 ಅಂತ ಹೆಸರು. ಅದರ ಒಂದು ಮುಖಕ್ಕೆ ನೀರು ಆಗುವುದಿಲ್ಲ, ಇನ್ನೊಂದು ಮುಖದಲ್ಲಿ ಧನ, ಋಣ ಚಾರ್ಜ್‌ಗಳು ಸರದಿಯಲ್ಲಿವೆ. ಆಮ್ಲದ ದ್ರಾವಣದಲ್ಲಿ ತೆಳ್ಳಗಿರುತ್ತದೆ. ರಕ್ತ ತಾಗಿದ ಕೂಡಲೇ ಅಲ್ಲಿನ ಉಪ್ಪಿಗೂ ಪಿಎಚ್‌ಗೂ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಇದು) ನಾರುಗಳ ಬಲೆಯಾಗಿ ಕೂರುತ್ತದೆ. ಎಂಡೋಸ್ಕೋಪಿ ಮಾಡುವಾಗ ರಕ್ತ ಸೋರುವುದನ್ನು ನಿಲ್ಲಿಸಲು ಇದನ್ನು ಬಳಸುತ್ತಾರೆ. ಪಾರದರ್ಶಕವಾದ್ದರಿಂದ ವೈದ್ಯರಿಗೆ ಒಳಗಿನ ಜಾಗ ಕಾಣುತ್ತಲೇ ಇರುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ದಿನಕ್ಕೊಮ್ಮೆ ಗ್ಲಾರ್ಜಿನ್ ಇನ್ಸುಲಿನ್ ಹಾಕಿಕೊಳ್ಳುತ್ತಿರಬಹುದು. ಅದರಲ್ಲೂ ಇದೇ ತತ್ವ ಇದೆ. ಇನ್ಸುಲಿನ್ನಿಗೆ ಎರಡು ಅರ್ಜಿನೈನ್ ಸೇರಿಸಿ, ಇನ್ನೊಂದು ಕಡೆ ಒಂದು ಅಮೈನೋ ಆಮ್ಲ ಬದಲಿಸಿದ್ದಾರೆ. ಬಾಟಲಿಯಲ್ಲಿ ಪಿಎಚ್ 4ರ ಸುತ್ತ ತಿಳಿಯಾಗಿ ಕರಗಿರುತ್ತದೆ. ಚರ್ಮದಡಿ ಪಿಎಚ್ 7.4ರ ಹತ್ತಿರ. ಅಲ್ಲಿಗೆ ಹೋದ ಕೂಡಲೇ ಸಣ್ಣ ಸಣ್ಣ ಕಣಗಳಾಗಿ ಕೂತು, ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಗ್ಲಾರ್ಜಿನ್ ಅನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬೇಡಿ ಅಂತ ಹೇಳುವುದು ಇದಕ್ಕೇ. ಪಿಎಚ್ ಕೆಟ್ಟರೆ ಸಿರಿಂಜಿನಲ್ಲೇ ಕೂತುಬಿಡಬಹುದು.

ಈಗ ನಾನು ಜಾಸ್ತಿ ಹೊತ್ತು ನಿಲ್ಲಬೇಕು ಅಂದುಕೊಂಡಿರುವ ಜಾಗಕ್ಕೆ ಬಂದೆವು.

ಇಲ್ಲಿ ದಿನಾ ಡೈರಿಗೆ ಹಾಲು ಹಾಕುವ ಮನೆಗಳವರು ತುಂಬಾ ಜನ ಇದ್ದೀರಿ. ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಏನಾಗುತ್ತದೆ? ಒಡೆಯುತ್ತದೆ. ಗಡ್ಡೆ ಒಂದು ಕಡೆ, ನೀರು ಒಂದು ಕಡೆ. ಅದೇ ಹಾಲಿಗೆ ರಾತ್ರಿ ಒಂದು ಚಮಚ ಹೆಪ್ಪು ಹಾಕಿಟ್ಟರೆ ಬೆಳಗ್ಗೆ ಒಂದೇ ಸಮ ಗಟ್ಟಿ ಮೊಸರು. ಎರಡರಲ್ಲೂ ಹುಳಿಯೇ ಕೆಲಸ ಮಾಡಿದ್ದು. ಎರಡರಲ್ಲೂ ಕೇಸೀನ್ ಅನ್ನುವ ಹಾಲಿನ ಪ್ರೋಟೀನ್ ಚಾರ್ಜ್ ಕಳೆದುಕೊಂಡು ಒಂದಕ್ಕೊಂದು ಅಂಟಿದ್ದು. ವ್ಯತ್ಯಾಸ ವೇಗದಲ್ಲಿ. ನಿಂಬೆ ರಸ ಬಿದ್ದ ಜಾಗದಲ್ಲಿ ಹುಳಿ ಒಮ್ಮೆಗೇ ಏರಿತು, ಕಲಸುವ ಮೊದಲೇ ಗಡ್ಡೆಯಾಯಿತು. ಹೆಪ್ಪಿನ ಬ್ಯಾಕ್ಟೀರಿಯಾ ಪಾತ್ರೆಯ ಮೂಲೆ ಮೂಲೆಯಲ್ಲೂ ಒಂದೇ ಸಮ, ನಿಧಾನವಾಗಿ ಹುಳಿ ಮಾಡಿತು.

ಪೆಪ್ಟೈಡ್ ಜೆಲ್ ಮಾಡುವವರು ಬಹಳ ಕಾಲ ನಿಂಬೆ ಹಿಂಡುವವರ ಹಾಗೇ ಇದ್ದರು. ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕುವುದು, ಹನಿ ಬಿದ್ದಲ್ಲಿ ಗಂಟಾಗುವುದು, ಉಳಿದ ಕಡೆ ನೀರಾಗೇ ಇರುವುದು. ಇವತ್ತು ಮಾಡಿದ ಜೆಲ್ ನಾಳೆ ಮಾಡಿದ್ದಕ್ಕೆ ಹೊಂದುತ್ತಿರಲಿಲ್ಲ. 2009ರಲ್ಲಿ ಆಗ ಲಿವರ್‌ಪೂಲ್‌ನಲ್ಲಿದ್ದ ಡೇವ್ ಆಡಮ್ಸ್ ಅವರ ತಂಡ ಗ್ಲೂಕೋನೋ ಡೆಲ್ಟಾ ಲ್ಯಾಕ್ಟೋನ್ ಅನ್ನುವ ಪುಡಿ ಬಳಸಿತು. ಇದು ಹೊಸದೇನೂ ಅಲ್ಲ. ಸೋಯಾ ಹಾಲಿನಿಂದ ತೋಫು ಮಾಡುವವರು ಬಳಸುವ ಪುಡಿ. ನೀರಿನಲ್ಲಿ ಬೇಗ ಕರಗುತ್ತದೆ, ಆದರೆ ಆಮ್ಲವಾಗಿ ಬದಲಾಗಲು ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಇಡೀ ಪಾತ್ರೆಯಲ್ಲಿ ಪಿಎಚ್ ಒಂದೇ ಸಮ ಇಳಿಯುತ್ತದೆ. ಜೆಲ್ ಒಂದೇ ಹದ, ಪ್ರತಿ ಸಲವೂ ಅದೇ ಹದ. ಅಣು ಬದಲಾಗಲಿಲ್ಲ, ಕೊನೆಯ ಪಿಎಚ್ ಕೂಡ ಬದಲಾಗಲಿಲ್ಲ. ದಾರಿ ಮಾತ್ರ ಬದಲಾಯಿತು.

ಇದು ಬರೀ ಅಂದಚಂದದ ವಿಷಯ ಅಂತ ಯಾರಿಗಾದರೂ ಅನಿಸಿದರೆ ಅವರಿಗೆ ನಾನು ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟುಪ್ ಅವರ ತಂಡ 2016ರಲ್ಲಿ ಪ್ರಕಟಿಸಿದ್ದು. ಅವರ ಪೆಪ್ಟೈಡಿನ ಒಂದು ತುದಿಗೆ ಕೊಬ್ಬಿನ ಬಾಲ ಇರುತ್ತದೆ. ಬಾಲಗಳು ಒಳಗೆ, ಪೆಪ್ಟೈಡ್ ಹೊರಗೆ, ಹೀಗೆ ಕೂತು ನಾರಾಗುತ್ತವೆ. ಇಲ್ಲಿ ಎರಡು ಬಲಗಳ ಜಗ್ಗಾಟ. ಹೈಡ್ರೋಜನ್ ಬಂಧ ಒಳಗೆ ಎಳೆಯುತ್ತದೆ, ಚಾರ್ಜ್ ಹೊರಗೆ ದೂಡುತ್ತದೆ. ಉಪ್ಪು, ನೀರಿನ ಪ್ರಮಾಣ, ಬಿಸಿ ಇವುಗಳಿಂದ ಯಾವ ಬಲವನ್ನು ಮೊದಲು ಅಡಗಿಸಬೇಕು, ಯಾವುದನ್ನು ಆಮೇಲೆ ಅನ್ನುವ ಕ್ರಮವನ್ನು ಬದಲಿಸುತ್ತಾ ಹೋದರು. ಅದೇ ಪೆಪ್ಟೈಡ್ ಒಂದು ಕ್ರಮದಲ್ಲಿ ಉದ್ದನೆಯ, ಕಟ್ಟುಕಟ್ಟಾದ ನಾರುಗಳಾಯಿತು. ಇನ್ನೊಂದು ಕ್ರಮದಲ್ಲಿ ಗಿಡ್ಡ ನಾರುಗಳಾಗಿ ಅಲ್ಲೇ ಸಿಕ್ಕಿಕೊಂಡಿತು. ಉದ್ದ ನಾರುಗಳ ಮೇಲೆ ಜೀವಕೋಶಗಳು ಅಂಟಿಕೊಂಡು ಚೆನ್ನಾಗಿ ಬದುಕಿದವು. ಗಿಡ್ಡ ನಾರುಗಳು ಕೋಶಗಳನ್ನು ಅಂಟಲು ಬಿಡಲಿಲ್ಲ, ಕೋಶಗಳು ಸಾಯುವ ಮಟ್ಟಕ್ಕೂ ಹೋಯಿತು.

ಇದರ ಅರ್ಥ ಯೋಚಿಸಿ. ಬಾಟಲಿಯ ಮೇಲೆ ಬರೆದ ಹೆಸರು ಒಂದೇ. ರಾಸಾಯನಿಕ ಪರೀಕ್ಷೆ ಮಾಡಿದರೆ ಎರಡೂ ಒಂದೇ. ಒಂದರಲ್ಲಿ ಕೋಶ ಬದುಕುತ್ತದೆ, ಇನ್ನೊಂದರಲ್ಲಿ ಸಾಯಬಹುದು. ಹಾಗಾಗಿ ಪೆಪ್ಟೈಡ್ ವಸ್ತುವಿನ ವಿವರ ಬರೆಯುವಾಗ ಸರದ ಹೆಸರಿನ ಜೊತೆ ತಯಾರಿಯ ಕ್ರಮವನ್ನೂ ಒಂದೊಂದು ಹೆಜ್ಜೆ ಬಿಡದೆ ಬರೆಯಬೇಕು. ಎಷ್ಟು ಬೇಗ ಕಲಕಿದಿರಿ, ಮೊದಲು ಏನು ಹಾಕಿದಿರಿ, ಎಷ್ಟು ಬಿಸಿ, ಎಷ್ಟು ಹೊತ್ತು. ಇದನ್ನು ಬರೆಯದ ಪ್ರಬಂಧವನ್ನು ನಾನು ಅರ್ಧ ಪ್ರಬಂಧ ಅಂತಲೇ ಎಣಿಸುತ್ತೇನೆ.

ದಾರಿಯ ಮೆಟ್ಟಿಲುಗಳನ್ನು ಕಣ್ಣಾರೆ ಕಂಡವರೂ ಇದ್ದಾರೆ. ಡೈಫೀನೈಲ್‌ಅಲನಿನ್‌ನ ಒಂದು ರೂಪಾಂತರದ ಮೇಲೆ 2014ರಲ್ಲಿ ನಡೆದ ಕೆಲಸದಲ್ಲಿ ಮೊದಲು ಗೋಳಗಳು ಬಂದವು, ಆಮೇಲೆ ಅವು ಕರಗಿ ನಾರುಗಳಾದವು, ಕೊನೆಗೆ ಕೊಳವೆಗಳು. ಎಲ್ಲಕ್ಕಿಂತ ಸ್ಥಿರವಾದ ರೂಪ ಮೊದಲೇ ಬರುವುದಿಲ್ಲ, ಬೇಗ ಮೂಡಲು ಸುಲಭವಾದ ರೂಪ ಮೊದಲು ಬರುತ್ತದೆ ಅಂತ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ 1897ರಲ್ಲೇ ಹೇಳಿದ್ದರು. ನಮಗೆ ಗೋಳ ಬೇಕಿದ್ದರೆ ಅಲ್ಲೇ ತಡೆದು ನಿಲ್ಲಿಸಬೇಕು. ಕೊಳವೆ ಬೇಕಿದ್ದರೆ ಕಾಯಬೇಕು.

ಬಿಸಿಯೂ ಒಂದು ಒಳ್ಳೆಯ ಉಪಾಯ. ಸ್ಟುಪ್ ಅವರ ತಂಡವೇ 2010ರಲ್ಲಿ ಪೆಪ್ಟೈಡ್ ದ್ರಾವಣವನ್ನು 80 ಡಿಗ್ರಿಗೆ ಕಾಯಿಸಿ, ಮೆಲ್ಲಗೆ ಆರಿಸಿ, ಸಣ್ಣ ನಳಿಕೆಯಿಂದ ಕ್ಯಾಲ್ಸಿಯಂ ಉಪ್ಪಿನ ನೀರಿಗೆ ಎಳೆಯಿತು. ಒಳಗಿನ ನಾರುಗಳೆಲ್ಲ ಒಂದೇ ದಿಕ್ಕಿಗೆ ಸಾಲಾದ ಜೆಲ್ ದಾರ ಬಂತು. ಕಾಯಿಸದೆ ಎಳೆದರೆ ಆ ಸಾಲು ಬರುವುದಿಲ್ಲ.

ಬೀಜ ಹಾಕುವುದು ಇನ್ನೊಂದು ದಾರಿ. ಅಮೈಲಾಯ್ಡ್ ನಾರುಗಳು ಶುರುವಾಗಲು ತಡ ಮಾಡುತ್ತವೆ, ಶುರುವಾದ ಮೇಲೆ ಬೇಗ ಬೆಳೆಯುತ್ತವೆ. ಮೊದಲೇ ಬೆಳೆದ ನಾರಿನ ಚೂರುಗಳನ್ನು ಹಾಕಿದರೆ ಆ ತಡ ಇಲ್ಲವಾಗುತ್ತದೆ. ಬೀಜ ಜಾಸ್ತಿ ಹಾಕಿದಷ್ಟೂ ನಾರು ಗಿಡ್ಡ, ಕಡಿಮೆ ಹಾಕಿದಷ್ಟೂ ಉದ್ದ. ಇಲ್ಲಿ ಒಂದು ಎಚ್ಚರಿಕೆ. ಇದನ್ನು ಹೆಪ್ಪು ಅಂದುಕೊಳ್ಳಬೇಡಿ. ಹೆಪ್ಪು ಹಾಕುವುದು ಹುಳಿ ಮಾಡುವ ಬ್ಯಾಕ್ಟೀರಿಯಾಗೋಸ್ಕರ. ಬೀಜ ಹಾಕುವುದು ಹೊಸ ಅಣುಗಳು ಬಂದು ಕೂರಲು ತುದಿ ಒದಗಿಸುವುದಕ್ಕೆ.

ದೇಹದೊಳಗೇ ಜೋಡಣೆ ಶುರು ಮಾಡಿಸಬಹುದೇ? ಬಿಂಗ್ ಷೂ ಅವರ ತಂಡ 2004ರಲ್ಲಿ ಇದಕ್ಕೆ ದಾರಿ ತೋರಿಸಿತು. ಅಣುವಿಗೆ ಫಾಸ್ಫೇಟ್ ಗುಂಪು ಅಂಟಿಸಿದರೆ ಚಾರ್ಜ್ ಬಂದು ಕರಗಿಯೇ ಇರುತ್ತದೆ. ಫಾಸ್ಫಟೇಸ್ ಅನ್ನುವ ಕಿಣ್ವ ಅದನ್ನು ಕತ್ತರಿಸಿದ ಕೂಡಲೇ ನಾರಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಈ ಕಿಣ್ವ ಜಾಸ್ತಿ. ಹಾಗಾಗಿ ಬಲೆ ಅವುಗಳ ಸುತ್ತಲೇ ಬೀಳುವಂತೆ ಮಾಡಬಹುದು. ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಇದು ಕೆಲಸ ಮಾಡಿದೆ. ರೋಗಿಗಳ ಔಷಧಿ ಆಗಲು ಇನ್ನೂ ದೂರ ಇದೆ. ಸ್ಟುಪ್ ತಂಡ 2021ರಲ್ಲಿ ಬೆನ್ನುಹುರಿಗೆ ಪೆಟ್ಟಾದ ಇಲಿಗಳಿಗೆ ಪೆಪ್ಟೈಡ್ ಜೆಲ್ ಚುಚ್ಚಿ, ನಾಲ್ಕು ವಾರದೊಳಗೆ ಅವು ಮತ್ತೆ ನಡೆದಾಡಿದ್ದನ್ನು ವರದಿ ಮಾಡಿತು. ಅಲ್ಲಿ ನಾರಿನೊಳಗಿನ ಅಣುಗಳು ಜಾಸ್ತಿ ಅಲುಗಾಡುವಂತೆ ಸರ ಬದಲಿಸಿದಾಗ ಫಲ ಚೆನ್ನಾಗಿ ಬಂತು. ಇದನ್ನು ಕೇಳಿ ಮನಸ್ಸು ಹಿಗ್ಗುತ್ತದೆ. ಆದರೆ ಅದು ಇಲಿಗಳಲ್ಲಿ ಸಿಕ್ಕ ಫಲ. ಬೆನ್ನುಹುರಿಗೆ ಪೆಟ್ಟಾಗಿ ಮಲಗಿರುವವರ ಮನೆಯವರಿಗೆ ಇವತ್ತೇ ಆಸೆ ಹುಟ್ಟಿಸುವುದು ಸರಿಯಲ್ಲ.

ನೋಡುವ ಉಪಕರಣದ ಬಗ್ಗೆ ಒಂದೇ ಮಾತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚೆಂದದ ಚಿತ್ರಗಳಿಗೆ ಬೇಗ ಮರುಳಾಗಬೇಡಿ. ಸಾಮಾನ್ಯ ವಿಧಾನದಲ್ಲಿ ಹನಿಯನ್ನು ಒಣಗಿಸಿ ನೋಡುತ್ತಾರೆ. ಒಣಗುವಾಗ ಪೆಪ್ಟೈಡಿನ ಸಾಂದ್ರತೆ ಏರುತ್ತದೆ, ಉಪ್ಪು ಏರುತ್ತದೆ. ನೀರಿನಲ್ಲಿ ಇಲ್ಲದ ನಾರು ತಟ್ಟೆಯ ಮೇಲೆ ಹುಟ್ಟಬಹುದು. ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನವೋ, ದ್ರಾವಣದಲ್ಲೇ ಎಕ್ಸ್-ರೇ ಚದುರಿಕೆ ಅಳೆಯುವುದೋ ಜೊತೆಗಿರಬೇಕು.

ಇನ್ನು ಪ್ರಶ್ನೆಗಳು.

ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ಕೇಳಿದರು: "ಸರ್, ಇನ್ಸುಲಿನ್ ಬಾಟಲಿಯನ್ನು ಜೋರಾಗಿ ಅಲ್ಲಾಡಿಸಬೇಡಿ ಅಂತೀವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?" ನೇರ ಸಂಬಂಧ ಇದೆ ಮೇಡಂ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪ್ರೋಟೀನ್. ಸಾಮಾನ್ಯ ಇನ್ಸುಲಿನ್ ಬಾಟಲಿಯಲ್ಲಿ ಸತುವಿನ ಜೊತೆ ಆರಾರು ಸೇರಿ ಗುಂಪಾಗಿ ಇರುತ್ತದೆ. ಅದು ಸುರಕ್ಷಿತ ರೂಪ. ಬಿಸಿಯಾದರೆ, ಜೋರಾಗಿ ಅಲ್ಲಾಡಿಸಿದರೆ, ಗಾಳಿಯ ಗುಳ್ಳೆಯ ಮೇಲ್ಮೈಗೆ ತಾಗುತ್ತಿದ್ದರೆ ಗುಂಪು ಬಿಚ್ಚಿ ಅಮೈಲಾಯ್ಡ್ ನಾರಾಗಬಹುದು. ಹಾಗಾದ ಇನ್ಸುಲಿನ್ ಸಕ್ಕರೆ ಇಳಿಸುವುದಿಲ್ಲ. ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಬಿಸಿಲಿಗೆ ಬೈಕಿನ ಬಾಕ್ಸಿನಲ್ಲಿ ಇಟ್ಟು ತರುವವರಿಗೆ ಇದನ್ನು ಹೇಳಿ. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ, ಎಳೆ ಕಂಡರೆ ಬಳಸಬಾರದು. ಮೊದಲಿಂದಲೇ ಬಿಳಿಯಾಗಿರುವ ಬಗೆಯನ್ನು ಮಾತ್ರ ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬಳಸಬೇಕು.

ಚನ್ನರಾಯಪಟ್ಟಣದಿಂದ ಬಂದಿದ್ದ ಮೇಷ್ಟ್ರೊಬ್ಬರು ರೇಷ್ಮೆಯ ಬಗ್ಗೆ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ರೇಷ್ಮೆ ಹುಳುವಿನ ಗ್ರಂಥಿಯೊಳಗೆ ಫೈಬ್ರಾಯಿನ್ ಅನ್ನುವ ಪ್ರೋಟೀನ್ ಸುಮಾರು ಕಾಲು ಭಾಗದಷ್ಟು ಗಟ್ಟಿಯ ದ್ರಾವಣವಾಗಿ, ನಾರಾಗದೆ ಇರುತ್ತದೆ. ಬಾಯಿಯ ಕಡೆ ಹರಿಯುತ್ತಾ ಪಿಎಚ್ ಇಳಿಯುತ್ತದೆ, ಉಪ್ಪುಗಳು ಬದಲಾಗುತ್ತವೆ, ತಲೆ ಆಡಿಸಿ ಎಳೆಯುವಾಗ ಸರಗಳು ಸಾಲಾಗಿ ಬೀಟಾ ಹಾಳೆಗಳಾಗುತ್ತವೆ. 2002ರಲ್ಲಿ ಷಾವೋ ಮತ್ತು ವೋಲ್ರಾತ್ ಅನ್ನುವವರು ಹುಳುವಿನಿಂದ ಎಳೆಯನ್ನು ಬೇರೆ ಬೇರೆ ವೇಗದಲ್ಲಿ ತಾವೇ ಎಳೆದು ನೋಡಿದರು. ಬೇಗ ಎಳೆದರೆ ಎಳೆ ಬಲವಾಗಿ, ಕಡಿಮೆ ಹಿಗ್ಗುವ ಹಾಗೆ ಬಂತು. ನಿಧಾನ ಎಳೆದರೆ ಬಲ ಕಡಿಮೆ, ಹಿಗ್ಗು ಜಾಸ್ತಿ. ಹುಳು ಅದೇ, ಪ್ರೋಟೀನ್ ಅದೇ.

"ಅಮೈಲಾಯ್ಡ್ ಅಂದರೆ ಎಲ್ಲವೂ ಕೆಟ್ಟದ್ದೇ?" ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಇಲ್ಲ. ನಮ್ಮ ಪಿಟ್ಯುಟರಿ ಗ್ರಂಥಿ ಕೆಲವು ಹಾರ್ಮೋನ್‌ಗಳನ್ನು ಅಮೈಲಾಯ್ಡ್ ಥರದ ಜೋಡಣೆಯಲ್ಲೇ ಶೇಖರಿಸಿಡುತ್ತದೆ, ಬೇಕಾದಾಗ ಬಿಡಿಸಿ ಬಳಸುತ್ತದೆ. 2009ರಲ್ಲಿ ಇದನ್ನು ತೋರಿಸಿದ ಪ್ರಬಂಧದ ಮೊದಲ ಲೇಖಕರು ಸಮೀರ್ ಮಾಜಿ. ಈಗ ಬಾಂಬೆ ಐಐಟಿಯಲ್ಲಿದ್ದಾರೆ. ಬಿಡಿಸಿಕೊಳ್ಳಲು ಬರುವ ಜೋಡಣೆ ಉಪಕಾರಿ. ಬಿಡಿಸಲಾಗದೆ ಬೇಡದ ಜಾಗದಲ್ಲಿ ಕೂತದ್ದು ತೊಂದರೆ.

ಕೊನೆಯ ಪ್ರಶ್ನೆ ಆಲೂರಿನ ಕಡೆಯ ಬಿ.ಎಸ್ಸಿ. ಹುಡುಗನದು. "ಇದನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಡಬಹುದಾ ಸರ್?" ಖಂಡಿತ ಮಾಡಬಹುದು. ಎಫ್‌ಮಾಕ್ ಡೈಫೀನೈಲ್‌ಅಲನಿನ್, ಅಂದರೆ ತುದಿಗೆ ಎಫ್‌ಮಾಕ್ ಅನ್ನುವ ಗುಂಪು ಅಂಟಿಸಿದ ಡೈಫೀನೈಲ್‌ಅಲನಿನ್ ಪುಡಿ, ರಾಸಾಯನಿಕ ಮಾರುವವರಲ್ಲಿ ಸಿಗುತ್ತದೆ. ಡೈಮೀಥೈಲ್ ಸಲ್ಫಾಕ್ಸೈಡ್ ದ್ರಾವಕದಲ್ಲಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಲೆಕ್ಕದಲ್ಲಿ ಕರಗಿಸಿ. ಕೈಗವಸು ಹಾಕಿಕೊಳ್ಳಿ, ಆ ದ್ರಾವಕ ಚರ್ಮದೊಳಗೆ ಇಳಿಯುತ್ತದೆ. ಅದಕ್ಕೆ ನೀರು ಸೇರಿಸಿ ಮಿಲಿಲೀಟರಿಗೆ 5 ಮಿಲಿಗ್ರಾಂಗೆ ತನ್ನಿ. ಮೊದಲು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮುಟ್ಟದೆ ಬಿಡಿ. ಕೆಲವು ನಿಮಿಷಗಳಲ್ಲಿ ಮಬ್ಬು ಕರಗಿ ತಿಳಿ ಜೆಲ್ ಆಗುತ್ತದೆ. ನೀರೇ ನೂರಕ್ಕೆ 90 ಪಾಲಿಗಿಂತ ಜಾಸ್ತಿ ಇದ್ದರೂ ಸೀಸೆ ತಲೆಕೆಳಗು ಮಾಡಿದರೆ ಬೀಳುವುದಿಲ್ಲ. ಇನ್ನೊಂದು ಸೀಸೆಯಲ್ಲಿ ಅದೇ ಪುಡಿಯನ್ನು ನೀರಿನಲ್ಲಿ ಕಲಕಿ, ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಹಾಕಿ ಕರಗಿಸಿ. ಅದನ್ನು ಎರಡು ಪಾಲು ಮಾಡಿ. ಒಂದಕ್ಕೆ ತೆಳು ಆಮ್ಲದ ಹನಿಗಳನ್ನು ನೇರವಾಗಿ ಹಾಕಿ, ಇನ್ನೊಂದಕ್ಕೆ ಗ್ಲೂಕೋನೋ ಡೆಲ್ಟಾ ಲ್ಯಾಕ್ಟೋನ್ ಪುಡಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೂರೂ ಸೀಸೆಗಳನ್ನು ಪಕ್ಕಪಕ್ಕ ಇಟ್ಟು ಪಿಎಚ್ ಅಳೆಯಿರಿ, ತಲೆಕೆಳಗು ಮಾಡಿ ನೋಡಿ, ಸಣ್ಣ ಕಡ್ಡಿಯಿಂದ ಒತ್ತಿ ನೋಡಿ, ಕಂಡದ್ದನ್ನೆಲ್ಲ ಬರೆದಿಡಿ. ಯಾವುದನ್ನು ಎಷ್ಟು ಹೊತ್ತಿಗೆ ಹಾಕಿದಿರಿ ಅನ್ನುವುದನ್ನು ಮಾತ್ರ ಮರೆಯದೆ ಬರೆಯಿರಿ.